ಹೆಸರು ಬೇಡವೆಂದ ದಾನಿ

1898ನೆಯ ಇಸವಿಯ ಡಿಸೆಂಬರ್ 30ರಂದು, ಭಾರತದ ನೂತನ ವೈಸರಾಯರಾಗಿ ನಿಯುಕ್ತರಾಗಿದ್ದ ಲಾರ್ಡ್ ಕರ್ಜನ್ ಮುಂಬಯಿಯಲ್ಲಿ ಹಡಗಿನಿಂದ ಇಳಿದರು. ಅಧಿಕಾರವನ್ನು ಇನ್ನೂ ವಹಿಸಿಕೊಂಡಿರಲಿಲ್ಲ. ಮರುದಿನವೇ ಒಂದು ನಿಯೋಗ ಅವರನ್ನು ಕಂಡಿತು. ವೈಸರಾಯರನ್ನು ಕಾಣಬರುವ ನಿಯೋಗಗಳು ಸಾಮಾನ್ಯವಾಗಿ ಏನನ್ನಾದರೂ ಬೇಡಲು ಬರುತ್ತವೆ. ಇದು ಕೊಡಲು ಬಂದ ನಿಯೋಗ. ಮುಂಬಯಿಯ ಒಬ್ಬ ವರ್ತಕರು ತಮ್ಮ ಹದಿನಾಲ್ಕು ಕಟ್ಟಡಗಳನ್ನೂ ನಾಲ್ಕು ಜಮೀನುಗಳನ್ನೂ ಒಂದು ವಿದ್ಯಾಸಂಸ್ಥೆಗಾಗಿ ಬಿಟ್ಟುಕೊಡಲು ಸಿದ್ಧರಾಗಿದ್ದರು. ಅವುಗಳ ಬೆಲೆ 30 ಲಕ್ಷ ರೂಪಾಯಿ. ಅಂದಿನ 30 ಲಕ್ಷ! ಆ ವರ್ತಕರು ಜಮ್‌ಷೇಟ್‌ಜಿ ನಸರ್‌ವಾನ್‌ಜಿ ಟಾಟಾ.

ಕರ್ಜನ್ ಪ್ರಭುಗಳಿಗೆ ಈ ಯೋಜನೆಯಲ್ಲಿ ನಂಬಿಕೆ ಹುಟ್ಟಲಿಲ್ಲ. ಅವರು ಎತ್ತಿದ ಸಂದೇಹಗಳು ಎರಡು. ಇಷ್ಟು ಉನ್ನತವಾದ ವಿದ್ಯೆಗೆ ತಕ್ಕ ವಿದ್ಯಾರ್ಥಿಗಳು ಈ ದೇಶದಲ್ಲಿ ಸಿಕ್ಕಾರೆಯೆ? ಸಿಕ್ಕರೂ, ಕಲಿತು ಹೊರಬಂದವರಿಗೆ ಉದ್ಯೋಗವೆಲ್ಲಿ? ಪ್ರಶ್ನೆಗಳು ಅರ್ಥವಿಲ್ಲದವೇನೂ ಅಲ್ಲ. ಆದರೆ ಅವುಗಳಿಗೆ ಉತ್ತರ ದೊರೆಯುವ ಹೊತ್ತಿಗೆ, ದಾನ ಮಾಡಹೊರಟವರು ಬದುಕಿರಲಿಲ್ಲ.

ಟಾಟಾ ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ. ತಲೆಮಾರುಗಳಿಂದ ಪಾರಸಿ ಅಗ್ನಿಮಂದಿರದ ಪೌರೋಹಿತ್ಯ ನಡೆಸಿಕೊಂಡು ಬಂದ ಮನೆತನ. ತಂದೆ ನಸರ್‌ವಾನ್‌ಜಿಯವರು ಆ ವೃತ್ತಿಯನ್ನು ತೊರೆದು ಮುಂಬಯಿಗೆ ಬಂದು ವ್ಯಾಪಾರಕ್ಕೆ ಕೈಹಾಕಿದರು. ಮಗ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, 1858ರಲ್ಲಿ ಇಂದಿನ ಪದವಿಗೆ ಸಮನಾದ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮರುವರ್ಷವೇ ತಂದೆಯ ವ್ಯಾಪಾರದ ಕೆಲಸದ ಮೇಲೆ ಹಾಂಗ್‌ಕಾಂಗಿಗೆ ಹೋದರು. ಅಲ್ಲಿ ನಡೆಯುತ್ತಿದ್ದುದು ಹತ್ತಿಯ ವ್ಯಾಪಾರ, ಅದರ ಜೊತೆಗೆ ಅಫೀಮಿನದು. ಆ ಕಾಲದ ಮುಂಬಯಿಯ ದೊಡ್ಡ ವರ್ತಕರಲ್ಲಿ ಅನೇಕರ ಐಶ್ವರ್ಯಕ್ಕೆ ಈ ಕಲೆಯುಂಟು. ಚರಿತ್ರೆ ಬರೆಯುವವನು ಅದನ್ನು ಒರಸಿಹಾಕಬೇಕಾದ್ದಿಲ್ಲ.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಲ್ಯಾಂಕಷೈರಿಗೆ ಅಲ್ಲಿಂದ ಹತ್ತಿ ಬರುವುದು ನಿಂತು, ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ನೆಲಕಚ್ಚಿತು. ಆಗ ತರುಣ ಟಾಟಾ ಲಂಡನ್ನಿನಲ್ಲಿದ್ದರು. ಕೈಯಲ್ಲಿದ್ದ ಹುಂಡಿಗಳಿಗೆ ಕಾಗದದ ಬೆಲೆಯೂ ಉಳಿಯಲಿಲ್ಲ. ಅವರು ತಲೆತಪ್ಪಿಸಿಕೊಳ್ಳದೆ ಸಾಲಗಾರರ ಮುಂದೆ ನಿಂತು ಇದ್ದುದನ್ನು ಇದ್ದಂತೆ ಹೇಳಿದರು. ಅವರ ಪ್ರಾಮಾಣಿಕತೆಗೆ ಮೆಚ್ಚಿದ ಸಾಲಿಗರು ಅವರದೇ ಸಂಸ್ಥೆಯ ಲೆಕ್ಕ ತೀರಿಸುವ ಅಧಿಕಾರಿಯಾಗಿ ಅವರನ್ನೇ ನೇಮಿಸಿ, ತಿಂಗಳಿಗೆ 20 ಪೌಂಡು ಸಂಬಳ ಗೊತ್ತುಮಾಡಿದರು. ದಿವಾಳಿಯೆದ್ದವನಿಗೆ ಇಂಥ ಗೌರವ ಅಪರೂಪ.

1868ರಲ್ಲಿ 21,000 ರೂಪಾಯಿ ಬಂಡವಾಳದಿಂದ ಅವರು ಸ್ವಂತ ವ್ಯಾಪಾರ ಆರಂಭಿಸಿದರು. ಅದೇ ಕಾಲದಲ್ಲಿ ಅಬಿಸೀನಿಯದ ದಂಡಯಾತ್ರೆಗೆ ಸಾಮಗ್ರಿ ಒದಗಿಸುವ ಕಂಟ್ರಾಕ್ಟಿನಲ್ಲಿ ಮನೆತನಕ್ಕೆ ಪಾಲು ದೊರೆತು, ಕಳೆದ ಹಣ ಮರಳಿತು. ಮುಂದೆ ಮುಂಬಯಿಯಲ್ಲಿ ಮುಳುಗಿಹೋದ ಎಣ್ಣೆಯ ಗಿರಣಿಯೊಂದನ್ನು ಕೊಂಡು ಬಟ್ಟೆಯ ಗಿರಣಿಯನ್ನಾಗಿ ಮಾಡಿ, ಲಾಭಕ್ಕೆ ಮಾರಿದರು. ಅವರ ನಿಜವಾದ ಸಾಹಸವೆಂದರೆ ನಾಗಪುರದ ಎಂಪ್ರೆಸ್ ಮಿಲ್. ಬಟ್ಟೆಯ ಗಿರಣಿಯೆಂದರೆ ಮುಂಬಯಿ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಹತ್ತಿ ಬೆಳೆಯುವ ಸೀಮೆಯ ನಡುವೆಯೇ ಗಿರಣಿ ಕಟ್ಟಹೊರಟರು. ತಗ್ಗಾದ ಜವುಗು ನೆಲವನ್ನು ಮಣ್ಣು ತುಂಬಿಸಿ ಎತ್ತರಿಸುತ್ತಿದ್ದುದನ್ನು ಕಂಡ ಸ್ಥಳೀಯ ಸಾಹುಕಾರನೊಬ್ಬ, ಈ ಮನುಷ್ಯ ಬಂಗಾರವನ್ನು ಮಣ್ಣಿಗೆ ಸುರಿಯುತ್ತಿದ್ದಾನೆಂದು ನಕ್ಕು ಪಾಲುಹಣ ಕೊಡಲೊಲ್ಲೆನೆಂದನಂತೆ. ಮುಂದೆ ಅವನೇ, ಟಾಟಾ ಸುರಿದುದು ಮಣ್ಣನ್ನು, ಎತ್ತಿದುದು ಬಂಗಾರವನ್ನು ಎಂದು ಒಪ್ಪಿಕೊಂಡನೆಂದು ಹೇಳುತ್ತಾರೆ. 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದ ದಿನವೇ, ಗಿರಣಿ ಆರಂಭವಾಯಿತು. ಕೆಲಸಗಾರರಿಗೆ 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ ಅಲ್ಲಿ ಬಂದವು. ಯಾವ ಕಾಯಿದೆಯೂ ಆಗ ಅದನ್ನು ಕೇಳುತ್ತಿರಲಿಲ್ಲ.

ವಿದ್ಯೆಗಾಗಿ ಅವರ ಮೊದಲ ದೊಡ್ಡ ಕೊಡುಗೆ 1892ರದು. ವಿದೇಶಗಳಲ್ಲಿ ಉನ್ನತ ವ್ಯಾಸಂಗ ಮಾಡಬಯಸುವ ಭಾರತೀಯರಿಗಾಗಿ ಒಂದು ನಿಧಿಯನ್ನು ಸ್ಥಾಪಿಸಿದರು. ಕೊಡುತ್ತಿದ್ದುದು ದಾನವಾಗಿ ಅಲ್ಲ, ಸಾಲವಾಗಿ. ಓದಿ ಸಂಪಾದಿಸುವವನು ತೀರಿಸಬೇಕು. ಆ ಹಣ ಮತ್ತೊಬ್ಬನ ಓದಿಗೆ ಹೋಗಬೇಕು. ವರ್ತಕನ ಬುದ್ಧಿಯೂ ದಾನಿಯ ಮನಸ್ಸೂ ಇಲ್ಲಿ ಒಂದಾಗಿವೆ. ಮೊದಲಿಗೆ ಆಯ್ಕೆಯಾದವರಲ್ಲಿ ವೈದ್ಯವಿದ್ಯೆಗಾಗಿ ಹೊರಟ ಇಬ್ಬರು ಮಹಿಳೆಯರಿದ್ದರೆಂಬುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಮುಂದೆ ಈ ನಿಧಿಯ ನೆರವಿನಿಂದ ಲಂಡನ್ನಿಗೆ ಹೋದವರಲ್ಲಿ ಬಡತನದಲ್ಲಿ ಬೆಳೆದು ರಾಷ್ಟ್ರಪತಿಯಾದ ಕೆ. ಆರ್. ನಾರಾಯಣನ್ ಇದ್ದಾರೆ, ನಮ್ಮ ತುಮಕೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ ಇದ್ದಾರೆ.

ಆದರೆ ಎಷ್ಟು ಜನರನ್ನು ಹಡಗು ಹತ್ತಿಸಲು ಸಾಧ್ಯ? ಸಂಶೋಧನೆ ನಡೆಯುವ ವಿಶ್ವವಿದ್ಯಾನಿಲಯ ಇಲ್ಲಿಯೇ ಹುಟ್ಟಬೇಕೆಂಬುದು ಅವರ ಹಂಬಲ. ಅದಕ್ಕಾಗಿ ಬರ್ಜೋರ್ಜಿ ಪಾದಶಾ ಎಂಬ ವಿದ್ವಾಂಸರನ್ನು ಯೂರೋಪು ಅಮೆರಿಕಗಳಿಗೆ ಕಳುಹಿಸಿ ಅಲ್ಲಿನ ಸಂಸ್ಥೆಗಳನ್ನು ಅಭ್ಯಾಸ ಮಾಡಿಸಿದರು. 1898ರ ನವೆಂಬರಿನಲ್ಲಿ ಸ್ವಾಮಿ ವಿವೇಕಾನಂದರಿಗೆ ಕಾಗದ ಬರೆದು, 1893ರಲ್ಲಿ ಜಪಾನಿನಿಂದ ಒಂದೇ ಹಡಗಿನಲ್ಲಿ ಪಯಣಿಸಿದುದನ್ನು ನೆನಪಿಸಿ, ಈ ದೇಶದಲ್ಲಿ ಮತ್ತೆ ಚಿಗುರುತ್ತಿರುವ ತ್ಯಾಗಬುದ್ಧಿಯನ್ನು ವಿಜ್ಞಾನದ ಸಾಧನೆಯ ಕಡೆಗೆ ತಿರುಗಿಸಲು ನೆರವಾಗಬೇಕೆಂದು ಕೋರಿದರು. ಮೊದಲ ಯೋಜನೆಯಲ್ಲಿ ವಿಜ್ಞಾನ ಮತ್ತು ಯಂತ್ರಕಲೆಯ ಶಾಖೆಯ ಜೊತೆಗೆ ವೈದ್ಯಕ್ಕೂ, ತತ್ತ್ವಶಾಸ್ತ್ರ ಶಿಕ್ಷಣಗಳಿಗೂ ಸ್ಥಾನವಿತ್ತು. ಸಮಿತಿಗಳ ಜರಡಿಯಲ್ಲಿ ಅವು ಉದುರಿಹೋದವು. ಭಾಷೆ ಇತಿಹಾಸಗಳನ್ನು ಪ್ರೀತಿಸುವವರಿಗೆ ಇದು ಇಂದಿಗೂ ಕೊರಗಾಗಬೇಕಾದ ಮಾತು.

ಸಮಿತಿಗಳಿಗೇನೂ ಕೊರತೆಯಾಗಲಿಲ್ಲ. ಇಂಗ್ಲೆಂಡಿನ ಪ್ರಸಿದ್ಧ ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆ 1900ರಲ್ಲಿ ಬಂದು, ದೇಶ ಸುತ್ತಿ, ಬೆಂಗಳೂರೇ ತಕ್ಕ ಸ್ಥಳವೆಂದರು. ಅವರ ಅಂದಾಜು ದುಬಾರಿಯೆಂದು ಸರ್ಕಾರಕ್ಕೆ ಕಂಡಿತು. 1901ರಲ್ಲಿ ಮೇಸನ್ ಮತ್ತು ಕ್ಲಿಬರ್ನ್ ಎಂಬಿಬ್ಬರು ಮತ್ತೊಮ್ಮೆ ಪರಿಶೀಲಿಸಿ, ಖರ್ಚು ಕಡಿಮೆಯ ಯೋಜನೆಯನ್ನು ಮುಂದಿಟ್ಟರು. ಹೀಗೆ ಕಡತಗಳು ಸುತ್ತುತ್ತಿರುವಾಗ ಕೈಮುಂದೆ ಮಾಡಿದುದು ಮೈಸೂರು ಸಂಸ್ಥಾನ. ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ರಾಜಪ್ರತಿನಿಧಿತ್ವದ ಕಾಲ. ದಿವಾನರು ಶೇಷಾದ್ರಿ ಅಯ್ಯರ್. ಬೆಂಗಳೂರಿನ ಹೊರಗೆ 371 ಎಕರೆ ನೆಲ, ಕಟ್ಟಡಗಳಿಗೆ 5 ಲಕ್ಷ ರೂಪಾಯಿ, ವರ್ಷಕ್ಕೆ 50,000 ರೂಪಾಯಿ ಸಹಾಯಧನ — ಇದು ಮೈಸೂರಿನ ಪಾಲು. ಟಾಟಾರವರಿಗೆ ಈ ಊರು ಹೊಸದಲ್ಲ. ಜಪಾನಿನಿಂದ ತಜ್ಞರನ್ನು ಕರೆಸಿ ಬಸವನಗುಡಿಯ ಬಳಿ ರೇಷ್ಮೆಯ ತೋಟವೊಂದನ್ನು ನಡೆಸಿದ್ದರು. ತೋಟ ಹೋಗಿದೆ, ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಬಡಾವಣೆಗೆ ಅಂಟಿಕೊಂಡು ಉಳಿದಿದೆ.

ಶೇಷಾದ್ರಿ ಅಯ್ಯರ್ 1901ರಲ್ಲಿ ತೀರಿಕೊಂಡರು. ಟಾಟಾ 1904ರ ಮೇ 19ರಂದು, ಚಿಕಿತ್ಸೆಗೆಂದು ಹೋಗಿದ್ದ ಜರ್ಮನಿಯ ಬಾಡ್ ನೌಹೈಮಿನಲ್ಲಿ ಕಣ್ಣುಮುಚ್ಚಿದರು. ಇಂಗ್ಲೆಂಡಿನ ಬ್ರೂಕ್‌ವುಡ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಉಕ್ಕಿನ ಕಾರ್ಖಾನೆ, ಜಲವಿದ್ಯುತ್ತು, ವಿಜ್ಞಾನ ಸಂಸ್ಥೆ — ಕಂಡ ಕನಸುಗಳಲ್ಲಿ ಈ ಮೂರನ್ನೂ ಅವರು ಕಣ್ಣಾರೆ ನೋಡಲಿಲ್ಲ. ಕೊಟ್ಟ ಮಾತು ತಂದೆಯದು, ಆಸ್ತಿ ಈಗ ಮಕ್ಕಳದು. ದೊರಾಬ್ಜಿ, ರತನ್‌ಜಿ ಸೋದರರು ಹಿಂದೆಗೆದಿದ್ದರೆ ಕೇಳುವವರಾರು? ಅವರು ಹಿಂದೆಗೆಯಲಿಲ್ಲ. 1909ರ ಮೇ 27ರಂದು ಸರ್ಕಾರದ ಆಜ್ಞೆ ಹೊರಟು ಸಂಸ್ಥೆ ಕಾಯಿದೆಯ ಪ್ರಕಾರ ಅಸ್ತಿತ್ವಕ್ಕೆ ಬಂತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರದ ಕಲ್ಲನ್ನಿಟ್ಟರು. ಅದೇ ವರ್ಷದ ಜುಲೈ 24ರಂದು ರಸಾಯನಶಾಸ್ತ್ರ ಮತ್ತು ವಿದ್ಯುತ್ ಶಾಸ್ತ್ರದ ವಿಭಾಗಗಳಿಗೆ ಮೊದಲ ವಿದ್ಯಾರ್ಥಿಗಳು ಬಂದರು. ಕರ್ಜನ್ನರ ಮೊದಲ ಪ್ರಶ್ನೆಗೆ ಉತ್ತರ ಅಂದಿನಿಂದ ಆರಂಭವಾಯಿತು. 1933ರಲ್ಲಿ ಸಿ. ವಿ. ರಾಮನ್ ಅಲ್ಲಿನ ಮೊದಲ ಭಾರತೀಯ ನಿರ್ದೇಶಕರಾದರು.

ಸಂಸ್ಥೆಗೆ ತಮ್ಮ ಹೆಸರಿಡಬಾರದೆಂದು ಟಾಟಾ ನಿಷ್ಠುರವಾಗಿ ಹೇಳಿದ್ದರು. ಕಾಗದಪತ್ರಗಳಲ್ಲಿ ಅದು ಭಾರತೀಯ ವಿಜ್ಞಾನ ಮಂದಿರ. ಬೆಂಗಳೂರಿನ ಜನ ಮಾತ್ರ ಈ ಆಜ್ಞೆಯನ್ನು ಕೇಳಲಿಲ್ಲ; ಅವರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. ಬಸ್ಸಿನ ಕಂಡಕ್ಟರು ಕೂಗುತ್ತಿದ್ದುದೂ ಅದನ್ನೇ. ಮುಖ್ಯ ಕಟ್ಟಡದ ಮುಂದೆ 1922ರಲ್ಲಿ ನಿಲ್ಲಿಸಿದ ಅವರ ಪ್ರತಿಮೆಯಿದೆ. ಶಿಲ್ಪಿ ಗಿಲ್ಬರ್ಟ್ ಬೇಯ್ಸ್, ಅವರು ಕಾಣದೆ ಹೋದ ಆ ಕಟ್ಟಡದ ಪುಟ್ಟ ಮಾದರಿಯನ್ನು ಅವರ ಕೈಯಲ್ಲಿಟ್ಟಿದ್ದಾನೆ.