ಹಿತ್ತಾಳೆಯ ಗಟ್ಟಿ ದನಿ: ಮುಂಬೈ ಮೇಳಗಳ ಲ್ಯಾಟಿನ್ ಲಯ ಮತ್ತು ಅದರ ಮರುಹುಟ್ಟು

ಸಾಲ್ಸಾ ಎಂದೊಡನೆ ಮುಂಬೈಯ ಬಹುಪಾಲು ಜನರಿಗೆ ನೆನಪಾಗುವುದು ಬಾಂದ್ರಾ, ಅಂಧೇರಿಗಳ ನೃತ್ಯ ತರಗತಿಗಳು. ಧ್ವನಿಮುದ್ರಿಕೆ ಹಾಕಿಕೊಂಡು ಹೆಜ್ಜೆ ಕಲಿಸುವ ಆ ಕೋಣೆಗಳಲ್ಲಿ, ಸಾಲ್ಸಾ ಮೊದಲಿಗೆ ಹತ್ತು ಹದಿಮೂರು ಜನ ಒಟ್ಟಿಗೆ ಕುಳಿತು ನುಡಿಸುವ ಮೇಳದ ಸಂಗೀತ ಎಂಬುದು ಮರೆತೇಹೋದಂತಿರುತ್ತದೆ. ಕ್ಯೂಬಾದ 'ಸೋನ್', 'ಮಾಂಬೊ', 'ಚಾ ಚಾ ಚಾ' ಮೊದಲಾದ ಲಯಗಳನ್ನು ನ್ಯೂಯಾರ್ಕಿನಲ್ಲಿ ನೆಲೆಸಿದ ಪೋರ್ಟೊ ರಿಕೊ ಮತ್ತು ಕ್ಯೂಬಾ ಮೂಲದ ವಾದಕರು ಜಾಝ್ ಮೇಳಗಳ ಊದುವ ವಾದ್ಯಗಳೊಂದಿಗೆ ಬೆಸೆದಾಗ ಹುಟ್ಟಿದ ಈ ಸಂಗೀತಕ್ಕೆ ಸಾಲ್ಸಾ ಎಂಬ ಹೆಸರು ನಿಂತದ್ದು 1960-70ರ ದಶಕಗಳಲ್ಲಿ. 1964ರಲ್ಲಿ ಜಾನಿ ಪಚೇಕೊ ಮತ್ತು ಜೆರ್ರಿ ಮಸೂಚಿ ಸ್ಥಾಪಿಸಿದ ಫಾನಿಯಾ ಧ್ವನಿಮುದ್ರಣ ಸಂಸ್ಥೆ ಅದನ್ನು ಲೋಕಕ್ಕೆಲ್ಲ ಹಂಚಿತು. ಆ ಕಾಲದ ಬಿರುಸಿನ, ವಾದ್ಯಪ್ರಧಾನವಾದ ಶೈಲಿಯನ್ನು ರಸಿಕರು 'ಸಾಲ್ಸಾ ದುರಾ', ಅಂದರೆ ಗಟ್ಟಿ ಸಾಲ್ಸಾ, ಎಂದು ಕರೆಯುತ್ತಾರೆ.

ಈ ಗಟ್ಟಿತನ ಎಲ್ಲಿಂದ ಬರುತ್ತದೆ ಎಂಬುದನ್ನು ತಾಳದ ಅರಿವಿರುವ ಕನ್ನಡ ಓದುಗರು ಕೈಯಲ್ಲೇ ಪರೀಕ್ಷಿಸಿಕೊಳ್ಳಬಹುದು. 16 ಮಾತ್ರೆಗಳ ಒಂದು ಆವರ್ತವನ್ನು ಮನಸ್ಸಿನಲ್ಲೇ ಎಣಿಸುತ್ತ, 1, 4, 7, 11 ಮತ್ತು 13ನೆಯ ಮಾತ್ರೆಗಳ ಮೇಲೆ ಮಾತ್ರ ಚಪ್ಪಾಳೆ ತಟ್ಟಿದರೆ, ಮೊದಲರ್ಧದಲ್ಲಿ ಮೂರು ಮತ್ತು ಉತ್ತರಾರ್ಧದಲ್ಲಿ ಎರಡು ಪೆಟ್ಟುಗಳಿರುವ ಒಂದು ಓರೆ ನಡೆ ಕೇಳಿಸುತ್ತದೆ; ಇದೇ 'ಕ್ಲಾವೆ'. ಎರಡು ಮರದ ಕೋಲುಗಳನ್ನು ಒಂದಕ್ಕೊಂದು ತಟ್ಟಿ ಇದನ್ನು ನುಡಿಸುವುದುಂಟು, ಯಾರೂ ನುಡಿಸದಿದ್ದರೂ ಮೇಳದ ಪ್ರತಿಯೊಬ್ಬರೂ ಅದನ್ನು ಒಳಗೇ ಕೇಳಿಸಿಕೊಂಡು ಅದಕ್ಕೆ ಒಪ್ಪುವಂತೆ ತಮ್ಮ ಭಾಗವನ್ನು ಜೋಡಿಸುತ್ತಾರೆ. ಬಾಸ್ ವಾದಕ ಆವರ್ತದ ಮೊದಲ ಪೆಟ್ಟನ್ನು ಬೇಕೆಂದೇ ಖಾಲಿ ಬಿಟ್ಟು, ಬರಲಿರುವ ಸ್ವರವನ್ನು ಅದಕ್ಕೆ ಮುನ್ನವೇ ಹಿಡಿದುಬಿಡುತ್ತಾನೆ. ಸಮವನ್ನು ಬಿಟ್ಟು ಬೇರೆಡೆ ಎಡುಪು ಹಿಡಿಯುವ ಕೃತಿಗಳನ್ನು ಕೇಳಿ ಪಳಗಿದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ಪಿಯಾನೊ ಒಂದೇ ಚಿಕ್ಕ ಸ್ವರಗುಚ್ಛವನ್ನು ಬಿಡದೆ ಸುತ್ತಿಸುತ್ತದೆ, ತಾಳವಾದ್ಯಗಳಾದ ಕಾಂಗಾ, ಬಾಂಗೊ, ಟಿಂಬಾಲೆಸ್‌ಗಳು ನಡುವಿನ ಮಾತ್ರೆಗಳನ್ನು ತುಂಬುತ್ತವೆ, ಇವೆಲ್ಲದರ ಮೇಲೆ ಟ್ರಂಪೆಟ್ ಮತ್ತು ಟ್ರೊಂಬೋನ್‌ಗಳು ಗಾಯಕನಿಗೆ ಎದುರುತ್ತರ ಕೊಡುವಂತೆ ಒಟ್ಟಾಗಿ ಎರಗುತ್ತವೆ. ಎಡ್ಡಿ ಪಾಲ್ಮಿಯೇರಿ 1961ರಲ್ಲಿ ಕಟ್ಟಿದ 'ಲಾ ಪರ್ಫೆಕ್ತಾ' ಮೇಳದಲ್ಲಿ ಟ್ರಂಪೆಟ್‌ಗಳ ಜಾಗದಲ್ಲಿ ಟ್ರೊಂಬೋನ್‌ಗಳನ್ನು ಕೂರಿಸಿ ಆ ಎರಗುವಿಕೆಗೆ ಇನ್ನಷ್ಟು ಒರಟು ತೂಕ ತಂದರು.

1980ರ ದಶಕದಲ್ಲಿ ಪ್ರೇಮಗೀತೆಗಳ ನಯವಾದ 'ಸಾಲ್ಸಾ ರೊಮಾಂಟಿಕಾ' ಮುಂದೆ ಬಂದು ವಾದ್ಯಗಳು ಹಿನ್ನೆಲೆಗೆ ಸರಿದವು. ಅದಕ್ಕೆ ಉತ್ತರವೆಂಬಂತೆ ಪಿಯಾನೊ ವಾದಕ ಆಸ್ಕರ್ ಹೆರ್ನಾಂಡೆಸ್ ಮುಂದಾಳತ್ವದ 'ಸ್ಪ್ಯಾನಿಷ್ ಹಾರ್ಲೆಮ್ ಆರ್ಕೆಸ್ಟ್ರಾ' 2002ರಲ್ಲಿ ತನ್ನ ಮೊದಲ ಆಲ್ಬಮ್ ಹೊರತಂದು, ಎರಡನೆಯ ಆಲ್ಬಮ್‌ಗೆ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ಹಳೆಯ ಹಾಡುಗಳನ್ನು ಹಾಡಿದ್ದಷ್ಟೇ ಈ ಮರುಹುಟ್ಟಿನ ಹೆಚ್ಚಳವಾಗಿರಲಿಲ್ಲ. ಹಿನ್ನೆಲೆಗೆ ಸರಿಸಿಬಿಟ್ಟಿದ್ದ ಕೆಲಸವನ್ನು ಮತ್ತೆ ಒಂದು ಪೂರ್ಣ ಮೇಳದ ಕೈಗೆ ಕೊಟ್ಟದ್ದರಲ್ಲಿ ಅದರ ಸತ್ತ್ವ ಇತ್ತು. ಮುಂಬೈಯ ಕಥೆಯನ್ನು ಅಳೆಯುವುದಕ್ಕೂ ಇದೇ ಸರಿಯಾದ ಅಳತೆಗೋಲು.

ಸಾಲ್ಸಾ ಎಂಬ ಹೆಸರು ಬರುವುದಕ್ಕೆ ಬಹಳ ಮೊದಲೇ ಅದರ ಮೂಲಲಯಗಳು ಈ ನಗರದಲ್ಲಿ ಮನೆಮಾಡಿದ್ದವು. 1935ರಲ್ಲಿ ಅಮೆರಿಕದ ಪಿಟೀಲುವಾದಕ ಲಿಯಾನ್ ಆಬಿ ಕಪ್ಪುವರ್ಣೀಯ ವಾದಕರ ಜಾಝ್ ಮೇಳವೊಂದನ್ನು ತಾಜ್ ಮಹಲ್ ಹೋಟೆಲಿಗೆ ಕರೆತಂದರು. ಅವರ ಬೆನ್ನಿಗೆ ಬಂದ ಮೇಳಗಳಲ್ಲಿ ಜಾಗ ಗಳಿಸಿಕೊಂಡ ಗೋವಾದ ವಾದಕರು ಬಹುಬೇಗ ತಮ್ಮದೇ ಮೇಳಗಳನ್ನು ಕಟ್ಟಿಕೊಂಡರು. ಪೋರ್ಚುಗೀಸರ ಕಾಲದ ಚರ್ಚ್ ಶಾಲೆಗಳಲ್ಲಿ ಬಾಲ್ಯದಿಂದಲೇ ಪಾಶ್ಚಾತ್ಯ ಸ್ವರಲಿಪಿ ಓದಲು ಕಲಿತಿದ್ದ ಈ ಜನ ಧೋಬಿ ತಲಾವ್ ಸುತ್ತಲಿನ 'ಕೂಡ್'ಗಳಲ್ಲಿ, ಅಂದರೆ ಒಂದೊಂದು ಊರಿನವರು ತಮ್ಮೂರಿನವರಿಗಾಗಿ ನಡೆಸುತ್ತಿದ್ದ ವಸತಿಗಳಲ್ಲಿ, ಇಳಿದುಕೊಂಡು ರಾತ್ರಿ ಹೋಟೆಲುಗಳಲ್ಲಿಯೂ ಹಗಲು ಸಿನಿಮಾ ಸ್ಟುಡಿಯೋಗಳಲ್ಲಿಯೂ ದುಡಿದರು. 1949ರ ಪಾನನಿಷೇಧ ಕಾಯ್ದೆ ಹೋಟೆಲುಗಳ ರಾತ್ರಿಗಳನ್ನು ಮಂಕಾಗಿಸಿದ ಮೇಲೆ ಸಿನಿಮಾದ ದುಡಿಮೆಯೇ ಅವರಿಗೆ ಹೆಚ್ಚು ಆಸರೆಯಾಯಿತು.

ಲ್ಯಾಟಿನ್ ಲಯ ಹಿಂದಿ ಸಿನಿಮಾಕ್ಕೆ ಹರಿದು ಬಂದದ್ದು ಈ ದಾರಿಯಲ್ಲೇ. 1950ರ 'ಸಮಾಧಿ' ಚಿತ್ರದಲ್ಲಿ ಸಿ. ರಾಮಚಂದ್ರ ಅವರು ಮಾಡಿದ, ಇಂದಿಗೂ ಜನ ಗುನುಗುವ 'ಗೋರೆ ಗೋರೆ' ಹಾಡಿನ ಧಾಟಿ 'ಚೀಕೊ ಚೀಕೊ' ಎಂಬ ಅಮೆರಿಕನ್ ಸಿನಿಮಾ ಗೀತೆಯಿಂದ ಬಂದದ್ದು. ಆ ಗೀತೆಯ ನಾಯಕನ ಊರು ಪೋರ್ಟೊ ರಿಕೊ ಎಂಬುದು ಸಾಲ್ಸಾದ ಚರಿತ್ರೆ ಬಲ್ಲವರಿಗೆ ನಗು ತರಿಸುವ ಕಾಕತಾಳೀಯ. ಮರುವರ್ಷದ 'ಅಲ್ಬೇಲಾ'ದಲ್ಲಿ, ಆಂಟೋನಿಯೊ ಶಾವಿಯರ್ ವಾಜ್ ಎಂಬ ಮೂಲನಾಮದ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ತಮ್ಮ ಮೇಳದೊಂದಿಗೆ ತೆರೆಯ ಮೇಲೆಯೇ ಕಾಣಿಸಿಕೊಂಡರು, ಅದೂ ಕ್ಯೂಬಾದ ವಾದಕರಂತೆ ನೆರಿಗೆ ನೆರಿಗೆಯ ಅಂಗಿ ತೊಟ್ಟು. ಬಾಂಗೊ, ಕಾಂಗಾ ಮೊದಲಾದ ಲ್ಯಾಟಿನ್ ತಾಳವಾದ್ಯಗಳನ್ನು ಸ್ಟುಡಿಯೋಗಳಿಗೆ ಪರಿಚಯಿಸಿದ ಕೀರ್ತಿ ಪಾರ್ಸಿ ವಾದಕ ಕಾವಸ್ ಲಾರ್ಡ್ ಅವರಿಗೆ ಸಲ್ಲುತ್ತದೆ. ಅವರ ಮಕ್ಕಳಾದ ಕೆರ್ಸಿ ಮತ್ತು ಬುಜ್ಜಿ ಲಾರ್ಡ್ ಅದೇ ಕಸುಬನ್ನು ಮುಂದುವರಿಸಿದರು. 1964ರ ಹೊತ್ತಿಗೆ 'ಚಾ ಚಾ ಚಾ' ಎಂಬ ಹೆಸರಿನಲ್ಲೇ ಒಂದು ಹಿಂದಿ ಚಿತ್ರ ಬಂತೆಂದರೆ ಈ ಲಯಗಳು ಎಷ್ಟು ಮನೆಮಾತಾಗಿದ್ದವು ಎಂಬುದನ್ನು ಊಹಿಸಬಹುದು.

ಈ ಮೇಳಗಳ ಒಳಗಿನ ಕೆಲಸದ ಕ್ರಮವನ್ನು ತುಸು ಹತ್ತಿರದಿಂದ ನೋಡುವುದು ಅಗತ್ಯ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮೇಲೆ ಹಾಡಿ ತೋರಿಸಿದ ಧಾಟಿಯನ್ನು ಅರೇಂಜರ್, ಅಂದರೆ ವಾದ್ಯಸಂಯೋಜಕ, ಸ್ವರಲಿಪಿಯಲ್ಲಿ ಬರೆದುಕೊಂಡು, ಯಾವ ಸಾಲನ್ನು ಯಾವ ವಾದ್ಯ ನುಡಿಸಬೇಕೆಂದು ಹಂಚುತ್ತಿದ್ದರು. ಸೆಬಾಸ್ಟಿಯನ್ ಡಿಸೋಜಾ, ಫ್ರಾಂಕ್ ಫರ್ನಾಂಡ್, ಆಂಥೊನಿ ಗೊನ್ಸಾಲ್ವಿಸ್ ಈ ಕೆಲಸದಲ್ಲಿ ಹೆಸರಾದವರು. ಹಂಚಿದ ಮೇಲೂ ಲೆಕ್ಕಾಚಾರ ಮುಗಿಯುತ್ತಿರಲಿಲ್ಲ. ಟ್ರಂಪೆಟ್ ವಾದಕನ ಹಾಳೆಯಲ್ಲಿ ಪ್ರತಿ ಸ್ವರವನ್ನೂ ಕೇಳಬೇಕಾದ ಶ್ರುತಿಗಿಂತ ಒಂದು ಪೂರ್ಣ ಸ್ವರದಷ್ಟು ಮೇಲೆ ಬರೆಯಬೇಕು, ಏಕೆಂದರೆ ಆ ವಾದ್ಯ ಬರೆದದ್ದಕ್ಕಿಂತ ಅಷ್ಟು ಕೆಳಗೆ ನುಡಿಯುತ್ತದೆ. ಆಲ್ಟೊ ಸ್ಯಾಕ್ಸೊಫೋನಿನದು ಬೇರೆಯದೇ ಲೆಕ್ಕ, ಟ್ರೊಂಬೋನಿಗೆ ಈ ಗೊಡವೆಯೇ ಇಲ್ಲ. ಒಂದು ಹಾಡಿಗೆ ಇಂಥ ಹತ್ತಾರು ಹಾಳೆಗಳು ಸಿದ್ಧವಾಗಿ, ಎಲ್ಲರೂ ಒಂದೇ ಸಭಾಂಗಣದಲ್ಲಿ ಒಂದೇ ಉಸಿರಿಗೆ ನುಡಿಸಿದಾಗ ಹಿತ್ತಾಳೆಯ ಆ ಏಟು ಮೂಡುತ್ತಿತ್ತು. ಸಿಂಥಸೈಜರ್ ಬಂದ ಮೇಲೆ ಇದೆಲ್ಲ ಒಬ್ಬನ ಬೆರಳುಗಳ ಪಾಲಾಯಿತು. 1990ರ ದಶಕ ಮುಗಿಯುವ ಹೊತ್ತಿಗೆ ದೊಡ್ಡ ಮೇಳಗಳ ಕಾಲವೇ ಮುಗಿದಿತ್ತು ಎಂಬುದನ್ನು ಗ್ರೆಗರಿ ಬೂತ್ 2008ರ ತಮ್ಮ ಗ್ರಂಥದಲ್ಲಿ ವಾದಕರ ಬಾಯಿಂದಲೇ ಕೇಳಿ ದಾಖಲಿಸಿದ್ದಾರೆ. ಯಂತ್ರದ ಟ್ರಂಪೆಟ್ ಶ್ರುತಿ ತಪ್ಪುವುದಿಲ್ಲ, ದಣಿಯುವುದೂ ಇಲ್ಲ. ಆದರೆ ಮೂವರು ಊದುವಾಗ ಅವರ ನಡುವೆ ಉಳಿಯುವ ಕೂದಲೆಳೆಯ ವ್ಯತ್ಯಾಸದಿಂದಲೇ ದನಿ ದಪ್ಪವಾಗುತ್ತದೆಂಬುದು ಅದಕ್ಕೆ ತಿಳಿಯದು.

ಸಿನಿಮಾದ ಆಚೆ, ಕೊಂಕಣಿ ಹಾಡಿನಲ್ಲಿ ಈ ಮೇಳಸಂಗೀತವನ್ನು ಅತ್ಯಂತ ಸೊಗಸಾಗಿ ಬಳಸಿದವರು ಮಡಗಾಂವ್ ಮೂಲದ ಕ್ರಿಸ್ ಪೆರ್ರಿ. ಚರ್ಚ್‌ಗೇಟ್‌ನ ಅಸ್ಟೋರಿಯಾ ಹೋಟೆಲಿನ 'ವೆನಿಸ್' ರೆಸ್ಟೋರೆಂಟಿನಲ್ಲಿ ಜಾಝ್ ನುಡಿಸುತ್ತಿದ್ದ ಈ ಟ್ರಂಪೆಟ್ ಮತ್ತು ಸ್ಯಾಕ್ಸೊಫೋನ್ ವಾದಕ, ಬಾಂದ್ರಾದ ಗಾಯಕಿ ಲೋರ್ನಾ ಕೊರ್ದೇರೊ ಅವರ ಖಾರವಾದ ಕಂಠಕ್ಕಾಗಿ 1960ರ ದಶಕದ ಉತ್ತರಾರ್ಧದಿಂದ ರಚಿಸಿದ 'ಬೆಬ್ದೊ', 'ಪಿಸ್ಸೊ', 'ತುಜೊ ಮೋಗ್' ಮೊದಲಾದ ಹಾಡುಗಳಲ್ಲಿ ಜಾಝ್ ಮತ್ತು ಲ್ಯಾಟಿನ್ ಲಯಗಳು ಕೊಂಕಣಿಯ ಮಾತಿನ ಲಯದೊಂದಿಗೆ ಎಲ್ಲಿಯೂ ತೇಪೆ ಕಾಣದಂತೆ ಕೂಡಿಕೊಂಡಿವೆ. ಇಬ್ಬರ ಜೋಡಿ ಮುರಿದ ಮೇಲೆ ಲೋರ್ನಾ ಬಹಳ ವರ್ಷ ಹಾಡಲಿಲ್ಲ. 1995ರಲ್ಲಿ ಅವರನ್ನು ಮತ್ತೆ ಮೈಕಿನ ಮುಂದೆ ತಂದವರು ರೋನಿ ಮೊನ್ಸೆರಾಟೆ. ರೋನಿಯವರ ತಂದೆ ಪೀಟರ್ ಮುಂಬೈಯ ಜಾಝ್ ಕಾಲದ ಹೆಸರಾಂತ ಟ್ರಂಪೆಟ್ ವಾದಕರು, ಸೋದರರೂ ಊದುವ ವಾದ್ಯಗಳನ್ನೇ ಹಿಡಿದವರು.

ಈ ವಂಶಪರಂಪರೆಯ ಬೆಲೆ ತಿಳಿದದ್ದು ಬಾರ್ದ್ರಾಯ್ ಬಾರೆಟ್ಟೊ ನಿರ್ದೇಶನದ 'ನಾಚೊಂಯಾ ಕುಂಪಾಸಾರ್' ಚಿತ್ರದಲ್ಲಿ. ವಿಜಯ್ ಮೌರ್ಯ ಮತ್ತು ಪಾಲೋಮಿ ಘೋಷ್ ನಟಿಸಿದ, 2014ರ ಸಾಲಿನ ಅತ್ಯುತ್ತಮ ಕೊಂಕಣಿ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರ ಕ್ರಿಸ್ ಪೆರ್ರಿಯವರ 20 ಹಾಡುಗಳನ್ನು ರೋನಿಯವರ ಸಂಗೀತ ನಿರ್ದೇಶನದಲ್ಲಿ ಹೊಸದಾಗಿ ಮುದ್ರಿಸಿಕೊಂಡು, ಆ ಹಾಡುಗಳ ಸುತ್ತಲೇ 1960-70ರ ದಶಕದ ವಾದಕ ಮತ್ತು ಗಾಯಕಿಯ ಕಥೆಯನ್ನು ಹೆಣೆಯಿತು. ಮೂಲ ಧ್ವನಿಮುದ್ರಿಕೆಯಲ್ಲಿ ಮಬ್ಬಾಗಿ ಬೆರೆತುಹೋಗಿದ್ದ ಹಿತ್ತಾಳೆಯ ಒಳಸಾಲುಗಳು ಇಲ್ಲಿ ಬಿಡಿಬಿಡಿಯಾಗಿ ಕೇಳಿಸುತ್ತವೆ, ಹಾಗೆಂದು ಹಾಡುಗಳನ್ನು ಇಂದಿನ ಕಿವಿಗೆ ಒಗ್ಗಿಸುವ ನೆಪದಲ್ಲಿ ನುಣುಪುಗೊಳಿಸಿಲ್ಲ.

ಇದರ ಬೆನ್ನಿಗೇ 2015ರ ಮೇ ತಿಂಗಳಲ್ಲಿ ತೆರೆಕಂಡ ಅನುರಾಗ್ ಕಶ್ಯಪ್ ಅವರ 'ಬಾಂಬೆ ವೆಲ್ವೆಟ್' ಅದೇ ಕಾಲವನ್ನು ಭಾರಿ ವೆಚ್ಚದಲ್ಲಿ ಮರುಸೃಷ್ಟಿಸಲು ಹೊರಟಿತು. ಹಳೆಯ ಬೊಂಬಾಯಿಯ ಬೀದಿಗಳನ್ನು ಶ್ರೀಲಂಕಾದಲ್ಲಿ ಕಟ್ಟಿದಂತೆ ಅಮಿತ್ ತ್ರಿವೇದಿ ಹಳೆಯ ಮೇಳದ ದನಿಯನ್ನೂ ಹೊಸ ಹಾಡುಗಳಲ್ಲಿ ಕಟ್ಟಿಕೊಟ್ಟರು. ನೀತಿ ಮೋಹನ್ ಹಾಡಿದ 'ಧಡಾಮ್ ಧಡಾಮ್', ಶೆಫಾಲಿ ಅಲ್ವಾರಿಸ್ ಹಾಡಿದ 'ಆಮ್ ಹಿಂದುಸ್ತಾನಿ', ಓ.ಪಿ. ನಯ್ಯರ್ ಅವರ ಹಳೆಯ ಧಾಟಿಯನ್ನು ಸುಮನ್ ಶ್ರೀಧರ್ ಹೊಸದಾಗಿ ಹಾಡಿದ 'ಫೀಫಿ' ಬಿಡಿಯಾಗಿ ಕೇಳಿದರೆ ಮೆಚ್ಚುಗೆಗೆ ಪಾತ್ರವಾಗುವಂಥವೇ. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು, ಹಾಡುಗಳೂ ಅದರೊಂದಿಗೆ ಮುಳುಗಿದವು. ಆದರೂ ಎರಡೂ ಚಿತ್ರಗಳ ಹಾಡುಗಳನ್ನು ಅಕ್ಕಪಕ್ಕ ಇಟ್ಟು ಕೇಳಿದರೆ, ತ್ರಿವೇದಿಯವರ ಕಸುಬುಗಾರಿಕೆ ಎಷ್ಟೇ ದೊಡ್ಡದಾದರೂ, ಅಲ್ಲಿಯ ಹಿತ್ತಾಳೆ ಕಥೆಯ ಕಾಲವನ್ನು ಸೂಚಿಸುವ ಉಡುಪಿನಂತೆ ಕೆಲಸ ಮಾಡುತ್ತದೆ. ಮೊನ್ಸೆರಾಟೆಯವರ ಮುದ್ರಣದಲ್ಲಿ ಹಿತ್ತಾಳೆಯೇ ಹಾಡನ್ನು ನಡೆಸುತ್ತದೆ. ಈ ಎರಡು ಮರುಹುಟ್ಟುಗಳೂ ಸಿನಿಮಾದ ನೆರಳಿನಲ್ಲಿ ಬಂದವೆಂಬುದು ಆಕಸ್ಮಿಕವಲ್ಲ: ನ್ಯೂಯಾರ್ಕಿನಲ್ಲಿ ನೃತ್ಯಶಾಲೆ ಮತ್ತು ಕ್ಲಬ್ಬುಗಳ ಶ್ರೋತೃಗಳು ದೊಡ್ಡ ಮೇಳವನ್ನು ಸಾಕಬಲ್ಲರು, ಮುಂಬೈಯಲ್ಲಿ ಅಷ್ಟು ಜನ ವಾದಕರನ್ನು ಕೂಡಿಸುವ ಹಣ ಹುಟ್ಟುವುದು ಹೆಚ್ಚಾಗಿ ಸಿನಿಮಾದಲ್ಲೇ.

ಕೊಂಕಣಿಯ ಮರುಹುಟ್ಟೆಲ್ಲ ಇದೇ ದಿಕ್ಕಿನಲ್ಲಿ ನಡೆದಿಲ್ಲ. 1986ರಲ್ಲಿ ಎರಿಕ್ ಒಝಾರಿಯೊ ಮುಂದಾಳತ್ವದಲ್ಲಿ ಹುಟ್ಟಿದ ಮಂಗಳೂರಿನ 'ಮಾಂಡ್ ಸೊಭಾಣ್' ಪಾಶ್ಚಾತ್ಯ ಮೇಳದ ಗುಂಗಿನಿಂದ ಹೊರಬಂದು ಗುಮಟೆಯಂಥ ನೆಲದ ವಾದ್ಯಗಳ ಕಡೆಗೂ ಜನಪದ ಧಾಟಿಗಳ ಕಡೆಗೂ ತಿರುಗಿತು; ಕ್ರಿಸ್ ಪೆರ್ರಿಯಂಥವರ ಹಾಡನ್ನು ಪರಕೀಯವೆಂದು ಬದಿಗಿಡುವ ವಾದ ಅಲ್ಲಿಂದ ಹುಟ್ಟಬಹುದು. ಆದರೆ ಕರಾವಳಿಯ ಕ್ರೈಸ್ತ ಮದುವೆಗಳಲ್ಲಿ, ಚರ್ಚುಗಳ ಹಬ್ಬದ ಮೆರವಣಿಗೆಗಳಲ್ಲಿ ಇಂದಿಗೂ ಬ್ರಾಸ್ ಬ್ಯಾಂಡ್ ಇಲ್ಲದೆ ಕಳೆಗಟ್ಟುವುದಿಲ್ಲ, ಮತ್ತು ಮಂಗಳೂರು, ಉಡುಪಿಗಳ ಆ ಬ್ಯಾಂಡುಗಳಲ್ಲಿ ಟ್ರಂಪೆಟ್, ಟ್ರೊಂಬೋನ್ ಊದುವ ಯುವಕರು ಈಗಲೂ ಇದ್ದಾರೆ. ಮುಂಬೈ ಸ್ಟುಡಿಯೋಗಳು ಕಳೆದುಕೊಂಡ ಉಸಿರಿನ ಕಸುಬು ಇವರಲ್ಲಿ ಉಳಿದಿದೆ. ಕ್ಲಾವೆಯ ಆ ಐದು ಪೆಟ್ಟುಗಳನ್ನು ಮಾತ್ರ ಅವರು ಬೇರೆಯಾಗಿಯೇ ಕಲಿಯಬೇಕಾಗುತ್ತದೆ.