ಕಾಡಿಗೂ ಬಂತೇ ವಲಸೆಯ ಕಾಲ?



ಗೆಳೆಯರೊಡನೆ ಮಹಾಬಲೇಶ್ವರಕ್ಕೆ ಹೋಗಿ ಬಂದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ರಜೆಯಲ್ಲಿ ಅಜ್ಜಿಯ ಊರಿಗೆ ಹೋಗುವಾಗ ಆಗುಂಬೆ ಘಾಟಿ ಇಳಿದವರೂ ಇರಬಹುದು. ಎರಡೂ ಒಂದೇ ಸಹ್ಯಾದ್ರಿಯ ಮೇಲಿನ ಊರುಗಳು, ಎರಡೂ ಮಳೆಗೆ ಹೆಸರಾದವು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು, ಮಹಾಬಲೇಶ್ವರದಲ್ಲಿ 5,000ಕ್ಕೂ ಹೆಚ್ಚು ಮಳೆ ಸುರಿಯುತ್ತದೆ. ಆದರೆ ಆಗುಂಬೆಯ ಮರಗಳನ್ನು ಕತ್ತೆತ್ತಿ ನೋಡಬೇಕು. ಮಹಾಬಲೇಶ್ವರದಲ್ಲಿ ಅಂಜನಿ, ನೇರಳೆ ಮರಗಳು ಕುಳ್ಳಾಗಿ ನಿಂತಿವೆ. ಏಕೆ ಹೀಗೆಂದು ಎಂದಾದರೂ ಯೋಚಿಸಿದ್ದೀರಾ?

ಗಾಳಿ, ಮಣ್ಣು ಕೂಡ ಕಾರಣವೇ. ಆದರೆ ಮರದ ಮಟ್ಟಿಗೆ ಎಷ್ಟು ಮಳೆ ಬಿತ್ತು ಎಂಬುದಕ್ಕಿಂತ ಎಷ್ಟು ತಿಂಗಳು ಮಳೆ ಇರಲಿಲ್ಲ ಎಂಬುದೇ ದೊಡ್ಡ ಲೆಕ್ಕ. ನಿಮ್ಮ ಮನೆಯ ಬಾಲ್ಕನಿಯ ತುಳಸಿಗೆ ಒಂದೇ ದಿನ ಹತ್ತು ಬಕೆಟ್ ನೀರು ಸುರಿದು ಎರಡು ತಿಂಗಳು ಊರಿಗೆ ಹೋಗಿಬಿಟ್ಟರೆ ಅದು ಬದುಕೀತೇ? ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ವಿಜ್ಞಾನಿ ಜೆ.ಪಿ. ಪಾಸ್ಕಲ್ ಸಹ್ಯಾದ್ರಿಯ ನಿತ್ಯಹರಿದ್ವರ್ಣ ಕಾಡುಗಳ ಬಗ್ಗೆ 1988ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಒಣ ತಿಂಗಳುಗಳಿಗೇ ಮಹತ್ವ ಕೊಟ್ಟರು. ಕೇರಳದ ದಕ್ಷಿಣ ತುದಿಯಲ್ಲಿ ಒಣಗಾಲ ಎರಡು ಮೂರು ತಿಂಗಳು ಮಾತ್ರ. ಉತ್ತರಕ್ಕೆ ಬಂದಂತೆ ಅದು ಬೆಳೆಯುತ್ತ ಬಂದು ಮುಂಬಯಿಯ ಹತ್ತಿರ ಏಳೆಂಟು ತಿಂಗಳಾಗುತ್ತದೆ. ಒಣಗಾಲ ಉದ್ದವಾದಂತೆ ಒಂದೊಂದೇ ಮರದ ಜಾತಿ ಹಿಂದೆ ಉಳಿಯುತ್ತದೆ.

ಈಗ ಆ ಲೆಕ್ಕವೇ ತಪ್ಪುತ್ತಿದೆ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯಂತೆ, 1901ರಿಂದ 2018ರೊಳಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. ಮಳೆಗಾಲದ ನಡುವೆಯೇ ಒಣದಿನಗಳು ಹೆಚ್ಚಿವೆ. ಸುರಿದಾಗ ಮಾತ್ರ ಭಾರೀ ಮಳೆ.

0.7 ಡಿಗ್ರಿ ಎಂದರೆ ಏನು ಮಹಾ ಎನ್ನಬೇಡಿ. ಬೆಟ್ಟದಲ್ಲಿ ಸಾವಿರ ಮೀಟರ್ ಮೇಲೇರಿದರೆ ಸುಮಾರು 6 ಡಿಗ್ರಿ ತಂಪಾಗುತ್ತದೆ. ಆ ಲೆಕ್ಕದಲ್ಲಿ, ಮೊದಲಿನ ತಂಪೇ ಬೇಕೆಂದರೆ ಮರ ನೂರು ಮೀಟರಿಗೂ ಹೆಚ್ಚು ಮೇಲೇರಬೇಕು. ಈಗಾಗಲೇ ಶಿಖರದಲ್ಲಿರುವ ಶೋಲಾ ಕಾಡು ಇನ್ನೆಲ್ಲಿಗೆ ಏರಬೇಕು?

ನಮ್ಮ ಹಿರಿಯರು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಇಲ್ಲಿಗೆ ಬಂದರು. ಮರಕ್ಕೆ ಕಾಲಿಲ್ಲ, ಅದರ ಬೀಜವೇ ಪ್ರಯಾಣ ಮಾಡಬೇಕು. ಅಲ್ಲೇ ಇರುವುದು ಕಷ್ಟ. ಧೂಪದ ಮರದ ಬೀಜ ದಪ್ಪ, ಭಾರ. ಮಳೆಗಾಲದ ಆರಂಭದಲ್ಲಿ ತಾಯಿಮರದ ಬುಡದ ಹತ್ತಿರವೇ ಬೀಳುತ್ತದೆ. ನಾವು ತೊಗರಿ, ಹೆಸರುಕಾಳನ್ನು ಒಣಗಿಸಿ ಡಬ್ಬಿಯಲ್ಲಿ ತುಂಬಿಡುವಂತೆ ಇದನ್ನು ಇಡಲಾಗದು, ಒಣಗಿದರೆ ಸತ್ತಿತು. ಮಳೆ ತಡವಾದರೆ ಆ ವರ್ಷದ ಸಂತಾನವೇ ಇಲ್ಲ. ರಾಮಪತ್ರೆಯ ಬೀಜವನ್ನು ಮಂಗಟ್ಟೆ ಹಕ್ಕಿ ನುಂಗಿ ದೂರ ಒಯ್ಯುತ್ತದೆ. ಆದರೆ ಮಂಗಟ್ಟೆ ಗೂಡು ಮಾಡಲು ಹಳೆಯ ಮರಗಳ ಪೊಟರೆ ಬೇಕು. ಹಳೆಯ ಮರ ಹೋದರೆ ಹಕ್ಕಿಯಿಲ್ಲ, ಹಕ್ಕಿ ಹೋದರೆ ಬೀಜಕ್ಕೆ ವಾಹನವಿಲ್ಲ!

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡಿದೆ. ಹೆಸರೇ ಹೇಳುವಂತೆ ಬಿಸಿಲು ಕಾಣದ ಕಾಡು. ಅಲ್ಲಿ ರಾಮಪತ್ರೆಯ ಬಳಗದ ಮರಗಳು ಹಳ್ಳದ ಜವುಗಿನಲ್ಲೇ ನಿಂತು, ಮಡಿಸಿದ ಮೊಣಕಾಲಿನಂಥ ಬೇರುಗಳನ್ನು ಮೇಲೆತ್ತಿ ಉಸಿರಾಡುತ್ತವೆ. ಬೇಸಿಗೆಯಲ್ಲೂ ಹಳ್ಳ ಹರಿಯುವುದರಿಂದಲೇ ಅವು ಉಳಿದಿವೆ. ಹಳ್ಳ ಬತ್ತಿದರೆ ಪಕ್ಕದ ಜವುಗಿಗೆ ಹೋಗೋಣವೆಂದರೆ ನಡುವೆ ಗದ್ದೆ, ತೋಟ, ರಸ್ತೆ.

“ಹಿಂದೆಯೂ ಹವಾಮಾನ ಬದಲಾಗಿತ್ತಲ್ಲ?” ಎಂದು ನೀವು ಕೇಳಬಹುದು. ನಿಜ. ನೀಲಗಿರಿಯ ಜವುಗಿನ ಮಣ್ಣನ್ನು ಪರೀಕ್ಷಿಸಿದ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ, ಕಳೆದ ಸುಮಾರು ಇಪ್ಪತ್ತು ಸಾವಿರ ವರ್ಷಗಳಲ್ಲಿ ತೇವ ಹೆಚ್ಚಿದ ಕಾಲಕ್ಕೆ ಒಂದು ಬಗೆಯ ಸಸ್ಯ, ಒಣಕಾಲಕ್ಕೆ ಹುಲ್ಲು ಮೇಲುಗೈ ಪಡೆದದ್ದನ್ನು ತೋರಿಸಿತು. ಆದರೆ ಅಂದು ಕಾಡಿಗೆ ಸಾವಿರಾರು ವರ್ಷಗಳ ವ್ಯವಧಾನವಿತ್ತು, ದಾರಿಯೂ ತೆರೆದಿತ್ತು. ಇಂದು ಎರಡೂ ಇಲ್ಲ.

ಅವಸರ ನಮ್ಮದು, ನಿಜ. ಆದರೆ ದಾರಿಯನ್ನಾದರೂ ಬಿಟ್ಟುಕೊಡಬಹುದಲ್ಲವೇ? ಕಾಡಿನಿಂದ ಕಾಡಿಗೆ ಇರುವ ಹಸಿರು ಕೊಂಡಿ, ಹಳ್ಳದ ಎರಡು ದಡ, ಊರಿನ ದೇವರಕಾಡು, ಇವು ಬೀಜ ನಡೆಯುವ ದಾರಿಗಳು. ಸಾಲಾಗಿ ಅಕೇಶಿಯಾ ನೆಟ್ಟರೆ ಆ ದಾರಿ ಆಗುವುದಿಲ್ಲ. ನಿಮ್ಮಲ್ಲಿ ಹಲವರಿಗೆ ಊರಿನಲ್ಲಿ ಇಂದಿಗೂ ಜಮೀನಿನ ಪಾಲಿದೆ. ಮಾರುವ, ಕಡಿಯುವ ಮಾತು ಮನೆಯಲ್ಲಿ ಬಂದಾಗ ನೀವೂ ಬಾಯಿ ತೆರೆಯಿರಿ. ಹಳ್ಳದ ದಂಡೆಯ ನಾಲ್ಕು ಹಳೆಯ ಮರ ಬಿಡಿ ಎಂದು ಅಪ್ಪನಿಗೋ ದೊಡ್ಡಪ್ಪನಿಗೋ ಹೇಳಿ. ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಯನ್ನು ಕರೆದುಕೊಂಡು ಆ ಮರಗಳ ಹೆಸರು ಕೇಳಿ ಬರೆದುಕೊಳ್ಳಿ. ಹೆಸರು ಗೊತ್ತಿದ್ದ ಮರವನ್ನು ಕಡಿಯಲು ಕೈ ಸುಲಭವಾಗಿ ಏಳುವುದಿಲ್ಲ.