ಗುಳಿಗೆ ಹಂಚಿಕೊಂಡವರು

1986ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ಏಡ್ಸ್ ರೋಗಿಗಳ ಮೇಲೆ ಎಜಡ್‌ಟಿ ಎಂಬ ಔಷಧದ ಪ್ರಯೋಗ ನಡೆಯಿತು. ಒಟ್ಟು 282 ಮಂದಿ. ಸುಮಾರು ಅರ್ಧ ಜನಕ್ಕೆ ನಿಜವಾದ ಮದ್ದು, ಉಳಿದವರಿಗೆ ನೋಡಲು ಅದರಂತೆಯೇ ಇರುವ ಹುಸಿಗುಳಿಗೆ. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ವಿಜ್ಞಾನದ ಲೆಕ್ಕಕ್ಕೆ ಇದು ಸರಿಯೇ. ಆದರೆ ಆಗ ಆ ಕಾಯಿಲೆಗೆ ಬೇರೆ ಮದ್ದೇ ಇರಲಿಲ್ಲ. ಕೆಲವರು ತಮ್ಮ ಕ್ಯಾಪ್ಸೂಲನ್ನು ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿದರು. ಇನ್ನು ಕೆಲವರು, ಇಬ್ಬರಿಗೂ ಅರ್ಧವಾದರೂ ದಕ್ಕಲಿ ಎಂದು ಜೊತೆಯವರೊಡನೆ ಹಂಚಿಕೊಂಡು ನುಂಗಿದರು. ಸೆಪ್ಟೆಂಬರಿನಲ್ಲಿ ಪ್ರಯೋಗವನ್ನು ನಡುವೆಯೇ ನಿಲ್ಲಿಸುವ ಹೊತ್ತಿಗೆ ಹುಸಿಗುಳಿಗೆಯ ಗುಂಪಿನಲ್ಲಿ 19 ಮಂದಿ ಸತ್ತಿದ್ದರು. ಎಜಡ್‌ಟಿ ಪಡೆದವರಲ್ಲಿ ಒಬ್ಬರು.

ಹಂಚಿಕೊಂಡವರು ನಿಯಮ ಮುರಿದದ್ದು ನಿಜ. ಆದರೆ ತಪ್ಪು ಅವರದಲ್ಲ, ಪ್ರಯೋಗದ ಕಟ್ಟುಪಾಡಿನದು ಎಂದು ನನಗನ್ನಿಸುತ್ತದೆ. ಪ್ರಯೋಗಕ್ಕೆ ಜನ ಸಿಗುವುದಿಲ್ಲ, ಸಿಕ್ಕವರೂ ಅರ್ಧಕ್ಕೇ ಬಿಟ್ಟುಹೋಗುತ್ತಾರೆ ಎಂದು ಸಂಶೋಧಕರು ಇವತ್ತಿಗೂ ದೂರುತ್ತಾರೆ. ಬದುಕಬೇಕೆಂದು ಬಂದವನಿಗೆ ಸಾಯಲೂ ಸಿದ್ಧನಾಗಿರು ಎನ್ನುವಂಥ ಕಟ್ಟುಪಾಡು ಹಾಕಿದರೆ ಅವನು ಉಳಿಯುವುದಾದರೂ ಹೇಗೆ?

ಇದಕ್ಕೆ ಬೇರೆ ದಾರಿಯಿದೆಯೆಂದು ತೋರಿಸಿದ್ದು ಪೆಂಟಮಿಡಿನ್ ಎಂಬ ಔಷಧದ ಪ್ರಯೋಗ. ಏಡ್ಸ್ ರೋಗಿಗಳನ್ನು ಹೆಚ್ಚಾಗಿ ಕೊಲ್ಲುತ್ತಿದ್ದ ಒಂದು ಬಗೆಯ ನ್ಯುಮೋನಿಯವನ್ನು, ಈ ಔಷಧವನ್ನು ಆವಿಯಂತೆ ಒಳಗೆಳೆದುಕೊಂಡು ತಡೆಯಬಹುದೇ ಎಂಬುದು ಪ್ರಶ್ನೆ. ನ್ಯೂಯಾರ್ಕಿನಲ್ಲಿ ರೋಗಿಗಳೂ ವೈದ್ಯರೂ ಕೂಡಿ ಕಟ್ಟಿದ ಸಂಘ, ಸಾನ್ ಫ್ರಾನ್ಸಿಸ್ಕೊದಲ್ಲಿ ಊರಿನ ವೈದ್ಯರ ಒಕ್ಕೂಟ ಇದನ್ನು ಕೈಗೆತ್ತಿಕೊಂಡವು. ಸಾನ್ ಫ್ರಾನ್ಸಿಸ್ಕೊದ ಪ್ರಯೋಗದಲ್ಲಿ ಹುಸಿಮದ್ದೇ ಇರಲಿಲ್ಲ. 408 ಮಂದಿಯನ್ನು ಮೂರು ಗುಂಪು ಮಾಡಿ, ಎಲ್ಲರಿಗೂ ಔಷಧವನ್ನೇ ಕೊಟ್ಟು, ಪ್ರಮಾಣವನ್ನು ಮಾತ್ರ ಬದಲಿಸಿ ಹೋಲಿಸಿದರು. ಮೋಸ ಮಾಡುವ ಅಗತ್ಯವೇ ಯಾರಿಗೂ ಬರಲಿಲ್ಲ. ನಾಲ್ಕು ವಾರಕ್ಕೊಮ್ಮೆ 300 ಮಿಲಿಗ್ರಾಂ ಕೊಟ್ಟರೆ ಹೆಚ್ಚು ಗುಣವೆಂದು ತಿಳಿಯಿತು. 1989ರಲ್ಲಿ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು.

ರೋಗಿಗಳ ಮಾತು ಸುಮ್ಮನೆ ನಡೆಯಲಿಲ್ಲ. 1988ರ ಅಕ್ಟೋಬರಿನಲ್ಲಿ ಏಡ್ಸ್ ಹೋರಾಟಗಾರರ ಆ್ಯಕ್ಟ್ ಅಪ್ ಸಂಘಟನೆಯವರು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಕಚೇರಿಗೆ ಮುತ್ತಿಗೆ ಹಾಕಿದರು. ಬೀದಿಯಲ್ಲಿ ಕೂಗಿದವರೇ ಪ್ರಯೋಗದ ವಿನ್ಯಾಸವನ್ನೂ ಓದಿ ಕಲಿತಿದ್ದರು, ಅದೇ ಅವರ ಬಲ. ಆಗ ಸರ್ಕಾರಿ ಸಂಶೋಧನೆಯ ಮುಖ್ಯಸ್ಥರಲ್ಲೊಬ್ಬರಾಗಿದ್ದ ಆಂಟನಿ ಫೌಚಿ ಈ ಹೋರಾಟಗಾರರೊಡನೆ ಕೂತು ಮಾತಾಡಿದರು; ಮುಂದೆ ಪ್ರಯೋಗ ರೂಪಿಸುವ ಸಮಿತಿಗಳಲ್ಲೇ ರೋಗಿಗಳ ಪ್ರತಿನಿಧಿಗಳಿಗೆ ಜಾಗ ಸಿಕ್ಕಿತು.

ನಮ್ಮಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಿವೆ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ, ಯಾವಾಗ ಬೇಕಾದರೂ ಹೊರಬರುವ ಹಕ್ಕು ಎಲ್ಲವೂ ಅವುಗಳಲ್ಲಿವೆ. ಆದರೆ ಹಳ್ಳಿಯಿಂದ ಬರುವ ಕೂಲಿಯವರಿಗೆ ತಪಾಸಣೆಯ ದಿನದ ಬಸ್‌ಚಾರ್ಜು, ಹೋದ ದಿನಗೂಲಿ ಇವೇ ದೊಡ್ಡ ಸಂಗತಿ. ನಿಮ್ಮನ್ನಾಗಲಿ ಮನೆಯವರನ್ನಾಗಲಿ ಇಂಥ ಪ್ರಯೋಗಕ್ಕೆ ಕರೆದರೆ, ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಕೇಳಿ. ಮನೆಗೆ ಒಯ್ದು ಓದಿ, ಬಸ್‌ಚಾರ್ಜು ಯಾರು ಕೊಡುತ್ತಾರೆಂದು ವಿಚಾರಿಸಿ, ಆಮೇಲೆ ಸಹಿ ಹಾಕಿ.